ವರ್ಷಗಟ್ಟಲೆ ಡ್ರಿಪ್ ಬೇಕಾ?

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆ. ಅಲ್ಲಿ ಉಣ್ಣೆ ಕಚ್ಚಿದ್ದು ಗೊತ್ತೇ ಆಗಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಮುಖದ ಬಲಭಾಗ ವಾಲಿತು. ಪಾದ ಉರಿ, ತಲೆ ಮಂಕು, ಮಾತಿನ ಮಧ್ಯೆ ಹೆಸರುಗಳೇ ಮರೆತುಹೋಗುತ್ತವೆ. ಉಣ್ಣೆ ಕಡಿತದಿಂದ ಬರುವ ಲೈಮ್ ಕಾಯಿಲೆ ಅಂತ ಗೊತ್ತಾಗಿ ದಿನಾ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಡ್ರಿಪ್ ನಡೆಯುತ್ತಿದೆ, ಇನ್ನೊಂದು ವಾರ ಬಾಕಿ. ಇದು ಕ್ರೋನಿಕ್ ಲೈಮ್, ಅಂದರೆ ಬಿಡದೆ ಉಳಿಯುವ ಲೈಮ್, ವರ್ಷಗಟ್ಟಲೆ ಡ್ರಿಪ್ ಬೇಕು ಅಂತ ಮಗಳ ಪರಿಚಯದವರು ಹೇಳುತ್ತಾರೆ. ಮನೆಯವರು ಎಲ್ಲಾ ಟೆನ್ಷನ್ ಅಂತಾರೆ. ಯಾರ ಮಾತು ಕೇಳಲಿ?’

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನೆಯವರಿಗೆ ಒಂದು ಮಾತು, ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ಇದು ಟೆನ್ಷನ್ ಅಲ್ಲ. ಲೈಮ್ ತರುವ ಬೊರೇಲಿಯಾ ಬ್ಯಾಕ್ಟೀರಿಯಾದಿಂದ ಮುಖದ ನರ, ಮಿದುಳಿನ ಪೊರೆ, ಬೆನ್ನುಹುರಿಯಿಂದ ಕೈಕಾಲಿಗೆ ಹೋಗುವ ನರದ ಬುಡ ಎಲ್ಲವೂ ಊದಿಕೊಳ್ಳಬಹುದು. ಮುಖ ವಾಲುವುದು, ಪಾದ ಉರಿಯುವುದು, ರಾತ್ರಿ ಜಾಸ್ತಿಯಾಗುವ ನೋವು, ಇವೆಲ್ಲ ಅದರ ಲಕ್ಷಣಗಳೇ. ನಮ್ಮಲ್ಲಿ ಉಣ್ಣೆ ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ, ಲೈಮ್ ಹೆಸರು ಕೇಳಿದವರೇ ಕಡಿಮೆ. ಅದಕ್ಕೇ ಮನೆಯವರು ನಂಬುತ್ತಿಲ್ಲ ಅನಿಸುತ್ತದೆ. ಹೊರಗೆ ಕಾಣದ ಸುಸ್ತನ್ನು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ, ಆದರೆ ಒಪ್ಪಿಕೊಳ್ಳಲೇಬೇಕು.

ಇನ್ನು ಡ್ರಿಪ್ಪಿನ ಮಾತು. ಬರೆದುಕೊಟ್ಟ ಕೋರ್ಸನ್ನು ಪೂರ್ತಿ ಮುಗಿಸಿ, ಮಧ್ಯೆ ಬಿಡಬೇಡಿ. ಅದರಾಚೆಗೆ ವರ್ಷಗಟ್ಟಲೆ ಎಳೆಯುವುದನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ನರಗಳ ಲೈಮ್‌ಗೆ ಸಾಮಾನ್ಯವಾಗಿ 2ರಿಂದ 4 ವಾರ ಔಷಧಿ ಕೊಡುತ್ತಾರೆ. ಅದರ ನಂತರವೂ ನರಳುವವರಿಗೆ ಇನ್ನಷ್ಟು ಆಂಟಿಬಯೋಟಿಕ್ ಕೊಟ್ಟು ನೋಡಿದ್ದಾರೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 30 ದಿನ ಡ್ರಿಪ್, ಮೇಲೆ 60 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಔಷಧಿಯಿಲ್ಲದ ಖಾಲಿ ಮಾತ್ರೆ, ಖಾಲಿ ಡ್ರಿಪ್ ಪಡೆದವರಿಗಿಂತ ಇವರೇನೂ ಮೇಲಾಗಲಿಲ್ಲ. ನಿಮ್ಮಂತೆಯೇ ಮರೆವಿನ ತೊಂದರೆ ಇದ್ದವರಿಗೆ 10 ವಾರ ಡ್ರಿಪ್ ಕೊಟ್ಟ ಪ್ರಯೋಗ 2008ರಲ್ಲಿ ಬಂತು. ಮೊದಮೊದಲು ನೆನಪು ಸುಧಾರಿಸಿದಂತೆ ಕಂಡಿತು, 24ನೇ ವಾರದ ಹೊತ್ತಿಗೆ ಆ ಲಾಭ ಉಳಿದಿರಲಿಲ್ಲ. ತಿಂಗಳುಗಟ್ಟಲೆ ರಕ್ತನಾಳದಲ್ಲಿ ಟ್ಯೂಬ್ ಇಟ್ಟುಕೊಂಡರೆ ಅದರ ಮೂಲಕವೇ ಬೇರೆ ಸೋಂಕು ರಕ್ತ ಸೇರಬಹುದು, ಹಾಗೆ ಜೀವ ಹೋದವರೂ ಇದ್ದಾರೆ. ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ದುಡ್ಡೂ ಹೋಗಿ ಆರೋಗ್ಯವೂ ಹಾಳಾಗಬಾರದು ಅಂತ.

ಹಾಗಾದರೆ ಮಂಕು ಯಾಕೆ ಹೋಗಿಲ್ಲ? ಬ್ಯಾಕ್ಟೀರಿಯಾ ಸತ್ತರೂ ಪೆಟ್ಟು ತಿಂದ ನರ ರಿಪೇರಿಯಾಗಲು ತಿಂಗಳುಗಳೇ ಬೇಕು. ಬೆಂಕಿ ಆರಿಸಿದ ಮೇಲೂ ಸುಟ್ಟ ಗೋಡೆ ಹಾಗೇ ಇರುತ್ತದೆ, ಅಲ್ವಾ? ರಕ್ತಪರೀಕ್ಷೆ ಮತ್ತೆ ಪಾಸಿಟಿವ್ ಬಂದರೂ ಗಾಬರಿಯಾಗಬೇಡಿ. ಅದು ತೋರಿಸುವುದು ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು, ವಾಸಿಯಾದ ಮೇಲೂ ಅವು ವರ್ಷಗಟ್ಟಲೆ ಇರಬಹುದು. ಒಂದು ಮಾತ್ರ ಕೇಳಿ: ಬಿ12, ಥೈರಾಯ್ಡ್, ಶುಗರ್ ನೋಡಿಸಿದ್ದೀರಾ? ಬಿ12 ಕಡಿಮೆಯಾದರೂ ಪಾದ ಉರಿಯುತ್ತದೆ, ಮರೆವು ಬರುತ್ತದೆ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಎಲ್ಲವನ್ನೂ ಲೈಮ್ ತಲೆಗೇ ಕಟ್ಟಿದರೆ ಸುಲಭವಾಗಿ ಸರಿಹೋಗುವ ತೊಂದರೆ ಹಾಗೇ ಉಳಿದುಬಿಡುತ್ತದೆ.

ಸದ್ಯಕ್ಕೆ ದಿನ ಕಳೆಯುವುದು ಹೇಗೆ ಅಂದರೆ, ಕಣ್ಣಿನಿಂದ ಶುರುಮಾಡಿ. ಬಲಗಣ್ಣು ಪೂರ್ತಿ ಮುಚ್ಚದಿದ್ದರೆ ಹಗಲು ಡಾಕ್ಟರು ಹೇಳಿದ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್. ಕಣ್ಣು ಒಣಗಿ ಗಾಯವಾದರೆ ದೃಷ್ಟಿಗೇ ಪೆಟ್ಟು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿ, ಮನೆಯೊಳಗೂ ಚಪ್ಪಲಿ ಹಾಕಿ. ಒಲೆ ಮೇಲೆ ಹಾಲಿಟ್ಟು ಪಕ್ಕದ ರೂಮಿಗೆ ಹೋಗಬೇಡಿ, ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಸ್ಕೂಟರ್ ಸದ್ಯ ಬೇಡವೇ ಬೇಡ. ಲೆಕ್ಕಪತ್ರ, ಬ್ಯಾಂಕಿನ ಕೆಲಸ ಇದ್ದರೆ ತಲೆ ಚುರುಕಾಗಿರುವ ಹೊತ್ತಿನಲ್ಲಿ ಮುಗಿಸಿ, ಚೆನ್ನಾಗಿದ್ದೀನಿ ಅನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮಾಡಲು ಹೋಗಬೇಡಿ, ಮಾರನೇ ದಿನ ಏಳೋಕೂ ಆಗುವುದಿಲ್ಲ.

ಕುತ್ತಿಗೆ ಬಿಗಿತ, ಜ್ವರ, ಎರಡೆರಡಾಗಿ ಕಾಣುವುದು, ಕಾಲಿಗೆ ಹೊಸದಾಗಿ ಬಲ ಇಲ್ಲದಾಗುವುದು, ಮೂತ್ರ ಕಟ್ಟುವುದು, ಇಂಥದ್ದೇನಾದರೂ ಆದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಡ್ರಿಪ್ ನಡೆಯುವಾಗ ಅಥವಾ ಮುಗಿದ ಕೆಲವು ವಾರಗಳಲ್ಲಿ ಭೇದಿ ಜಾಸ್ತಿಯಾದರೂ ಸುಮ್ನೆ ಮಾತ್ರೆ ನುಂಗಿ ಕೂರಬೇಡಿ, ಡಾಕ್ಟರಿಗೆ ತಿಳಿಸಿ.