‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದಾಗ ಯಾವ ಕಲಮಿನ ಮಾತು ನಡೆಯುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುವ ನನ್ನ ಮಗ ತನ್ನ ಬಾಡಿಗೆ ಮನೆಯ ಕರಾರು ಪತ್ರವನ್ನು, ಸಹಿ ಮಾಡುವ ಮೊದಲು ಒಮ್ಮೆ ಓದಿ ನೋಡಿ ಎಂದು ನನಗೆ ಕಳುಹಿಸಿದ್ದಾನೆ. ಒಂದು ತಿಂಗಳು ಮುಂಚಿತವಾಗಿ ತಿಳಿಸಿದರೆ ಮಾಲೀಕರಾಗಲಿ ಬಾಡಿಗೆದಾರರಾಗಲಿ ಕರಾರನ್ನು ಮುಗಿಸಬಹುದು ಎಂದು ಅದರ ನಾಲ್ಕನೆಯ ಕಲಂ ಹೇಳುತ್ತದೆ. ಹನ್ನೆರಡನೆಯ ಕಲಂ ‘ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಕಂಟೇನ್ಡ್ ಇನ್ ಕ್ಲಾಸ್ ಫೋರ್’ ಎಂದು ಆರಂಭವಾಗಿ, ಬಾಡಿಗೆದಾರರು ಮೊದಲ ಆರು ತಿಂಗಳು ಮನೆ ಬಿಡುವಂತಿಲ್ಲ ಎನ್ನುತ್ತದೆ. ಪದದೊಳಗೆ ‘ವಿತ್’ ಇರುವುದರಿಂದ ‘ನಾಲ್ಕನೆಯ ಕಲಮಿನ ಜೊತೆಗೆ’ ಎಂದು ತಿಳಿದೆ; ‘ನಾಟ್’ ಕೂಡ ಇರುವುದರಿಂದ ಗೊಂದಲವಾಯಿತು. ಈ ಪದದ ಅರ್ಥವೇನು, ಇದನ್ನು ಬಳಸುವುದು ಹೇಗೆ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ತಮ್ಮನ್ನು ದಾರಿ ತಪ್ಪಿಸಿದ್ದು ‘ವಿತ್’ ಎಂಬ ತುಣುಕು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಎದುರಾಗಿ’ ಎಂಬ ಅರ್ಥವಿತ್ತು, ‘ವಿತ್‌ಸ್ಟ್ಯಾಂಡ್’ ಎಂದರೆ ಎದುರು ನಿಲ್ಲುವುದು. ‘ಅಣ್ಣನ ಜೊತೆ ಜಗಳವಾಡಿದೆ’ ಎನ್ನುವಾಗ ನಮ್ಮ ‘ಜೊತೆ’ಯೂ ಸ್ನೇಹದ ಜೊತೆಯಲ್ಲವಷ್ಟೆ, ಇಂಗ್ಲಿಷಿನ ‘ಫೈಟ್ ವಿತ್’ ಎಂಬಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದುಕೊಂಡಿದೆ. ಆದ್ದರಿಂದ ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದರೆ ‘ಎದುರು ನಿಲ್ಲದೆ’, ‘ಅಡ್ಡಿಯಾಗದೆ’ ಎಂದಾಯಿತು. ಲ್ಯಾಟಿನ್ನಿನ ‘ನಾನ್ ಅಬ್‌ಸ್ಟಾಂಟೆ’ ಎಂಬ ಮಾತಿನ ಅರ್ಥವೂ ಇದೇ ಆಗಿದ್ದು, ಇಂತಹ ಕಲಮುಗಳನ್ನು ನ್ಯಾಯಾಲಯಗಳು ಈಗಲೂ ಆ ಲ್ಯಾಟಿನ್ ಹೆಸರಿನಿಂದಲೇ ಕರೆಯುತ್ತವೆ.

ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ಈ ಪದಕ್ಕೆ ದೊರೆಯುವ ‘ಆದರೂ’, ‘ಹಾಗಿದ್ದಾಗ್ಯೂ’ ಎಂಬ ಅರ್ಥಗಳು ತಪ್ಪಲ್ಲ. ಆದರೆ ಎರಡು ನಿಯಮಗಳು ಎದುರುಬದುರಾದಾಗ ಯಾವುದು ಗೆಲ್ಲುತ್ತದೆ ಎಂಬುದನ್ನು ಅವು ತಿಳಿಸುವುದಿಲ್ಲ, ಕಾನೂನಿನ ಬರಹದಲ್ಲಿ ಈ ಪದ ಇರುವುದೇ ಅದನ್ನು ತಿಳಿಸಲು. ಈ ಪದದ ಬೆನ್ನಿಗೆ ಯಾವ ಕಲಮಿನ ಹೆಸರು ಬರುತ್ತದೆಯೋ ಆ ಕಲಂ ಸೋಲುತ್ತದೆ, ಈ ಪದವನ್ನು ಹೊತ್ತಿರುವ ಕಲಂ ಗೆಲ್ಲುತ್ತದೆ. ‘ಸಬ್ಜೆಕ್ಟ್ ಟು’ ಎಂಬುದರ ನಡೆ ಇದಕ್ಕೆ ತದ್ವಿರುದ್ಧವಾಗಿದ್ದು, ಅಲ್ಲಿ ಹೆಸರಿಸಲಾದ ಕಲಮೇ ಮೇಲು, ಅದನ್ನು ಹೊತ್ತಿರುವ ಕಲಂ ಅದಕ್ಕೆ ಒಳಪಟ್ಟದ್ದು. ಅವಸರದ ಅನುವಾದಗಳಲ್ಲಿ ಇವೆರಡೂ ಅದಲುಬದಲಾಗಿ, ಗೆದ್ದವನು ಸೋತು ಸೋತವನು ಗೆದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ.

ಇವೆರಡನ್ನೂ ಒಂದೇ ಕಡೆ ನೋಡಬೇಕೆಂದರೆ ಭಾರತ ಸಂವಿಧಾನದ ಹದಿನೇಳನೆಯ ಭಾಗಕ್ಕಿಂತ ಒಳ್ಳೆಯ ಪಾಠವಿಲ್ಲ, ಅದೂ ಭಾಷೆಗಳನ್ನು ಕುರಿತದ್ದೇ. 343ನೆಯ ಅನುಚ್ಛೇದದ ಮೊದಲ ಖಂಡವು ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಎನ್ನುತ್ತದೆ. ಎರಡನೆಯ ಖಂಡವು ‘ಮೊದಲ ಖಂಡದಲ್ಲಿ ಏನೇ ಇದ್ದರೂ’ ಎಂಬರ್ಥದಲ್ಲಿ ನಾಟ್‌ವಿತ್‌ಸ್ಟ್ಯಾಂಡಿಂಗ್‌ನಿಂದಲೇ ಆರಂಭವಾಗಿ, 1950ರ ಜನವರಿ 26ರಿಂದ 15 ವರ್ಷಗಳ ಕಾಲ ಇಂಗ್ಲಿಷ್ ಮೊದಲಿನಂತೆಯೇ ಬಳಕೆಯಲ್ಲಿರತಕ್ಕದ್ದು ಎಂದು ವಿಧಿಸುತ್ತದೆ. ಮೂರನೆಯ ಖಂಡದ ಮೊದಲ ಪದವೂ ಅದೇ. ಆ ಅವಧಿ ತೀರಿದ ಮೇಲೂ ಇಂಗ್ಲಿಷಿಗೆ ಎಡೆಮಾಡಿಕೊಡಲು ಅದು ಸಂಸತ್ತಿಗೆ ಅಧಿಕಾರ ಕೊಡುತ್ತದೆ, ಸಂಸತ್ತು 1963ರ ಅಧಿಕೃತ ಭಾಷೆಗಳ ಅಧಿನಿಯಮದಲ್ಲಿ ಆ ಅಧಿಕಾರವನ್ನು ಬಳಸಿತು. ಆ ಅಧಿನಿಯಮದ ಮೂರನೆಯ ಪ್ರಕರಣವೂ ‘ಹದಿನೈದು ವರ್ಷಗಳ ಅವಧಿ ತೀರಿದ್ದರೂ’ ಎನ್ನುವಲ್ಲಿ ಇದೇ ಪದವನ್ನು ಬಳಸಿಕೊಂಡಿದೆ. ದೆಹಲಿಯಲ್ಲಿ ಇಂಗ್ಲಿಷ್ ಇಂದಿಗೂ ಕಡತದಲ್ಲಿ ಉಳಿದಿರುವುದು ಒಂದರ್ಥದಲ್ಲಿ ಈ ಒಂದು ಉದ್ದದ ಪದದ ಬಲದಿಂದ.

ಇನ್ನು ರಾಜ್ಯಗಳ ಭಾಷೆಯನ್ನು ಕುರಿತ 345ನೆಯ ಅನುಚ್ಛೇದ ‘ಸಬ್ಜೆಕ್ಟ್ ಟು’ ಎಂದು ಶುರುವಾಗುತ್ತದೆ. ರಾಜ್ಯದ ವಿಧಾನಮಂಡಲವು ತನ್ನ ಆಡಳಿತಕ್ಕೆ ಅಲ್ಲಿ ಬಳಕೆಯಲ್ಲಿರುವ ಭಾಷೆಯನ್ನು ಆರಿಸಿಕೊಳ್ಳಬಹುದು, ಆದರೆ ಮುಂದಿನ ಎರಡು ಅನುಚ್ಛೇದಗಳಿಗೆ ತಲೆಬಾಗಿ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿದ 1963ರ ಕಾನೂನಿಗೆ ಆಧಾರ ಈ ಅನುಚ್ಛೇದವೇ. ಮುಂದೆ 348ನೆಯ ಅನುಚ್ಛೇದ ಮತ್ತೆ ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂದು ಹಿಂದಿನದನ್ನೆಲ್ಲ ಬದಿಗೆ ಸರಿಸಿ, ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕು ಎನ್ನುತ್ತದೆ.

ಇದನ್ನು ಕನ್ನಡಿಸುವುದು ಕಷ್ಟವೇನಲ್ಲ. ಕಾನೂನಿನ ಕನ್ನಡದಲ್ಲಿ ‘ಏನೇ ಒಳಗೊಂಡಿದ್ದರೂ’ ಎಂಬ ರೂಢಿಯ ಮಾತಿದೆ. ನನ್ನ ಕಿವಿಗೆ ‘ಏನೇ ಹೇಳಿದ್ದರೂ’ ಎಂಬುದು ಇನ್ನೂ ಹಗುರ. ಪತ್ರಿಕೆಗಳಲ್ಲಿ ಹಬ್ಬಿರುವ ‘ಮಳೆಯ ಹೊರತಾಗಿಯೂ ಪಂದ್ಯ ನಡೆಯಿತು’ ಎಂಬ ಬಗೆಯನ್ನು ಮಾತ್ರ ನಾನು ಒಪ್ಪಲಾರೆ. ‘ಹೊರತು’ ಎಂದರೆ ಬಿಟ್ಟು, ಇಲ್ಲದೆ ಎಂಬ ಅರ್ಥ ಬರುತ್ತದೆ, ಅಲ್ಲಿ ಮಳೆಯೋ ಧಾರಾಳವಾಗಿ ಸುರಿದಿರುತ್ತದೆ. ‘ಮಳೆ ಬಂದರೂ ಪಂದ್ಯ ನಡೆಯಿತು’ ಎಂದರೆ ಒಂದು ‘ಊ’ಕಾರ ಆ ಕೆಲಸವನ್ನೆಲ್ಲ ಮಾಡಿಕೊಡುತ್ತದೆ.

ಇಂಗ್ಲಿಷಿನಲ್ಲೇ ಬಳಸುವುದಾದರೆ, ಈ ಪದ ನಾಮಪದದ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ‘ನಾಟ್‌ವಿತ್‌ಸ್ಟ್ಯಾಂಡಿಂಗ್ ದ ರೇನ್’, ‘ದ ರೇನ್ ನಾಟ್‌ವಿತ್‌ಸ್ಟ್ಯಾಂಡಿಂಗ್’ ಎರಡೂ ಸರಿ. ‘ಇನ್ ಸ್ಪೈಟ್ ಆಫ್’ ಎಂಬುದರ ನೆನಪಿನಲ್ಲಿ ಇದಕ್ಕೂ ‘ಆಫ್’ ಅಂಟಿಸುವುದು ತಪ್ಪು. ರಜೆಯ ಅರ್ಜಿಗೋ ಗೆಳೆಯರಿಗೆ ಬರೆಯುವ ಪತ್ರಕ್ಕೋ ಇದನ್ನು ತರಬೇಡಿ, ಅಲ್ಲಿ ‘ಡಿಸ್ಪೈಟ್’ ಸಾಕು.

ಈಗ ತಮ್ಮ ಮಗನ ಕರಾರಿಗೆ ಬರೋಣ. ಹನ್ನೆರಡನೆಯ ಕಲಂ ಗೆಲ್ಲುವುದರಿಂದ, ಒಂದು ತಿಂಗಳು ಮೊದಲೇ ತಿಳಿಸಿದರೂ ಅವನು ಮೊದಲ ಆರು ತಿಂಗಳೊಳಗೆ ಮನೆ ಬಿಡುವಂತಿಲ್ಲ. ಆದರೆ ಈ ಪದ ನಾಲ್ಕನೆಯ ಕಲಮನ್ನು ಅಳಿಸಿ ಹಾಕುವುದಿಲ್ಲ, ಎರಡೂ ಎಲ್ಲಿ ಡಿಕ್ಕಿಯಾಗುತ್ತವೆಯೋ ಅಲ್ಲಿ ಮಾತ್ರ ಅದನ್ನು ಬದಿಗೆ ಸರಿಸುತ್ತದೆ. ಹೀಗಾಗಿ ಏಳನೆಯ ತಿಂಗಳಿನಿಂದ ಒಂದು ತಿಂಗಳ ನೋಟಿಸಿನ ಸೌಲಭ್ಯ ಅವನಿಗೆ ಮತ್ತೆ ಸಿಗುತ್ತದೆ. ತಾವು ಬರೆದಿರುವ ಪ್ರಕಾರ ಹನ್ನೆರಡನೆಯ ಕಲಂ ಕಟ್ಟಿಹಾಕಿರುವುದು ಬಾಡಿಗೆದಾರರನ್ನಷ್ಟೇ, ಮಾಲೀಕರ ಮಾತನ್ನು ಅದು ಎತ್ತುವುದಿಲ್ಲ; ಆದ್ದರಿಂದ ಅವರ ಮಟ್ಟಿಗೆ ಡಿಕ್ಕಿಯೇ ಇಲ್ಲ, ಅವರು ಎರಡನೆಯ ತಿಂಗಳಲ್ಲೇ ನೋಟಿಸು ಕೊಟ್ಟರೂ ಬರಹ ಅವರ ಪರವಾಗಿಯೇ ಇದೆ. ಸಹಿ ಹಾಕುವ ಮುನ್ನ ಆ ಕಲಮನ್ನು ‘ಮೊದಲ ಆರು ತಿಂಗಳು ಉಭಯ ಪಕ್ಷದವರೂ ಕರಾರನ್ನು ಮುಗಿಸುವಂತಿಲ್ಲ’ ಎಂದು ತಿದ್ದಿಕೊಡುವಂತೆ ಕೇಳಲು ಮಗನಿಗೆ ಹೇಳಿ.