ನೆಬ್ರಾಸ್ಕಾದ ಚೆರ್ರಿ ಕೌಂಟಿಯಲ್ಲಿ ಬದುಕಲು ಆಗುತ್ತಾ?

ನೀವು ಕೇಳಿದ್ದು ಇದು: "ನಾವು ಗೋಕಾಕದವರು. ನಮ್ಮ ಯಜಮಾನರಿಗೆ ಅಮೆರಿಕದ ಚೆರ್ರಿ ಕೌಂಟಿಯಲ್ಲಿ ಕೆಲಸ ಸಿಕ್ಕಿದೆ. ಅಂಕಿ ಅಂಶ ನೋಡಿದರೆ ಒಂದು ಚದರ ಮೈಲಿಗೆ ಒಬ್ಬರೂ ಇಲ್ಲ. ಮೂರು ವರ್ಷದ ಮಗಳನ್ನು ಕರೆದುಕೊಂಡು ಅಲ್ಲಿ ಇರಲು ಆಗುತ್ತಾ?"

ಆಗುತ್ತೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆ ಕೌಂಟಿಯ ವ್ಯಾಲೆಂಟೈನ್‌ನಲ್ಲಿ ನಾನು ಎರಡು ವರ್ಷ ಫಾರ್ಮಸಿಸ್ಟ್ ಆಗಿದ್ದೆ. ಹೋಗುವ ಮುಂಚೆ ಇದೇ ಅಂಕಿಗಳನ್ನು ನೋಡಿ ನನಗೂ ಎದೆ ಧಸಕ್ ಅಂದಿತ್ತು.

ಮೊದಲು ನಿಮ್ಮನ್ನು ಹೆದರಿಸಿದ ಅಂಕಿ. 2020ರ ಜನಗಣತಿಯಲ್ಲಿ ಚೆರ್ರಿ ಕೌಂಟಿಯ ಜನ 5,455. ವಿಸ್ತೀರ್ಣ 15 ಸಾವಿರ ಚದರ ಕಿಲೋಮೀಟರಿಗಿಂತ ಜಾಸ್ತಿ. ಅಂದರೆ ನಿಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಬೆಳಗಾವಿಯಲ್ಲಿ 2011ರಲ್ಲೇ 47 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಆದರೆ ಈ ಸರಾಸರಿಯ ಪ್ರಕಾರ ಯಾರೂ ಬದುಕುವುದಿಲ್ಲ. ಕೌಂಟಿಯ ಹತ್ತಿರ ಹತ್ತಿರ ಅರ್ಧ ಜನ, 2,633 ಮಂದಿ, ವ್ಯಾಲೆಂಟೈನ್ ಊರೊಳಗೇ ಇದ್ದಾರೆ. ಅಲ್ಲಿ ನಿಮಗೆ ಅಕ್ಕಪಕ್ಕದ ಮನೆ ಇರುತ್ತೆ, ಶಾಲೆ ಇರುತ್ತೆ, ಆಸ್ಪತ್ರೆ ಇರುತ್ತೆ. ಉಳಿದ ಅರ್ಧ ಜನ ಅಷ್ಟೂ ಜಾಗದಲ್ಲಿ ಹರಡಿಕೊಂಡಿದ್ದಾರೆ. ಹಾಗಾಗಿ ನಿಮ್ಮ ಮನೆ ಊರೊಳಗೋ, ದನ ಸಾಕುವ ದೊಡ್ಡ ಹುಲ್ಲುಗಾವಲಾದ ರ‍್ಯಾಂಚ್ ಕಡೆಗೋ ಅಂತ ಮೊದಲು ಕೇಳಿ. ಎರಡೂ ಬೇರೆ ಬೇರೆ ಬದುಕು.

ಇಷ್ಟು ಖಾಲಿ ಯಾಕೆ? ಊರು ಹಾಳಾಯಿತು ಅಂದುಕೊಳ್ಳಬೇಡಿ. ಅದು ಸ್ಯಾಂಡ್‌ಹಿಲ್ಸ್, ಹುಲ್ಲು ಹಿಡಿದು ನಿಲ್ಲಿಸಿರುವ ಮರಳು ದಿಬ್ಬಗಳ ನಾಡು. 1904ರ ಕಿಂಕೇಡ್ ಕಾಯ್ದೆಯಲ್ಲಿ ಸರ್ಕಾರ ಒಂದು ಕುಟುಂಬಕ್ಕೆ 640 ಎಕರೆ ಕೊಟ್ಟಿತು. ಜನ ಬಂದರು. 1920ರ ಹೊತ್ತಿಗೆ ಅಲ್ಲಿ 11 ಸಾವಿರಕ್ಕೂ ಹೆಚ್ಚು ಜನ ಇದ್ದರು. ಆದರೆ ನೇಗಿಲು ಹಾಕಿದ ಕಡೆ ಹುಲ್ಲು ಹೋಗಿ, ಗಾಳಿಗೆ ಮರಳು ಏಳತೊಡಗಿತು. ಬೆಳೆ ಕೈಗೆ ಹತ್ತಲಿಲ್ಲ. ಎಷ್ಟೋ ಜನ ದನ ಸಾಕುವವರಿಗೆ ಜಮೀನು ಮಾರಿ ಹೋದರು. ಆ ನೆಲ ತಡೆಯುವುದು ಹುಲ್ಲು ಮತ್ತು ದನವನ್ನು ಮಾತ್ರ. ಈಗ ಅಲ್ಲಿ ಮಾಂಸಕ್ಕಾಗಿ ಸಾಕುವ ತಾಯಿಹಸುಗಳೇ ಒಂದೂವರೆ ಲಕ್ಷ ದಾಟುತ್ತವೆ. ಇಡೀ ಅಮೆರಿಕದಲ್ಲೇ ಮುಂಚೂಣಿಯ ಕೌಂಟಿ ಅದು.

ಆದಾಯದ ಅಂಕಿಯನ್ನೂ ಸ್ವಲ್ಪ ತಾಳ್ಮೆಯಿಂದ ನೋಡಿ. 65 ಸಾವಿರಕ್ಕಿಂತ ಕಡಿಮೆ ಜನ ಇರುವ ಕೌಂಟಿಗಳಿಗೆ ಅಲ್ಲಿನ ಜನಗಣತಿ ಇಲಾಖೆ ಐದು ವರ್ಷದ ಸಮೀಕ್ಷೆ ಒಟ್ಟು ಸೇರಿಸಿ ಅಂದಾಜು ಕೊಡುತ್ತೆ. ಪಕ್ಕದಲ್ಲಿ ಹೆಚ್ಚುಕಡಿಮೆ ಎಷ್ಟು ಅಂತಲೂ ಬರೆದಿರುತ್ತಾರೆ, ಅದನ್ನು ಬಿಡದೆ ಓದಿ. ಶೇಕಡಾ 1 ಅಂದರೆ ಇಲ್ಲಿ ಬರೀ 55 ಜನ. ಮೂರ್ನಾಲ್ಕು ಕುಟುಂಬ ಬಂದರೂ ಪಟ್ಟಿಯ ಕೆಲವು ಅಂಕಿಗಳು ಬದಲಾಗುತ್ತವೆ. ರ‍್ಯಾಂಚ್‌ನವರಿಗೆ ದೊಡ್ಡ ದುಡ್ಡು ಬರುವುದು ಕರು ಮಾರಿದಾಗ, ವರ್ಷಕ್ಕೆ ಒಮ್ಮೆ. ಆ ಏರಿಳಿತ ಪಟ್ಟಿಯಲ್ಲಿ ಕಾಣುವುದಿಲ್ಲ.

ನಿಜಕ್ಕೂ ನೋಡಬೇಕಾದ್ದು ದೂರ. ಒಂದು ಸಲ ಮಾರ್ಚ್‌ನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಿಪಿ ಮಾತ್ರೆಗೆ ಬಂದರು. ಬೂಟಿನ ತುಂಬ ಕೆಸರು. "ಕರು ಹಾಕುವ ಕಾಲ, ಇನ್ನೆರಡು ತಿಂಗಳು ನಾನು ಈ ಕಡೆ ಬರಲ್ಲ, ಅಷ್ಟಕ್ಕೂ ಕೊಟ್ಟುಬಿಡಿ" ಅಂದರು. ಕಾರಿನ ಡಿಕ್ಕಿಯಲ್ಲಿ ಐಸ್ ಪೆಟ್ಟಿಗೆ, ಅದರಲ್ಲಿ ಹಾಲು, ಬೆಣ್ಣೆ, ಪಕ್ಕದಲ್ಲೇ ಕರುಗಳಿಗೆ ಕೊಡುವ ಇಂಜೆಕ್ಷನ್. ಅವರ ಮನೆ ಒಂದೂವರೆ ಗಂಟೆ ದಾರಿ. ಅವತ್ತಿನಿಂದ ಔಷಧಿ ಕೊಡುವಾಗ "ಮತ್ತೆ ಊರಿಗೆ ಯಾವಾಗ ಬರ್ತೀರಿ?" ಅಂತ ಕೇಳುವುದು ನನಗೆ ರೂಢಿಯಾಯಿತು.

ನಿಮಗೂ ಅದೇ ಲೆಕ್ಕ. ದಕ್ಷಿಣಕ್ಕೆ ನಾರ್ತ್ ಪ್ಲಾಟ್ ಪಟ್ಟಣ ಸುಮಾರು 210 ಕಿಲೋಮೀಟರ್. ಆ ದಾರಿಯಲ್ಲಿ ಥೆಡ್‌ಫರ್ಡ್ ಬಿಟ್ಟರೆ ವ್ಯಾಲೆಂಟೈನ್ ತನಕ ನೂರು ಕಿಲೋಮೀಟರ್ ಬರೀ ಹುಲ್ಲು, ಆಕಾಶ. ಎದುರು ಬಂದವರು ಸ್ಟಿಯರಿಂಗ್ ಮೇಲಿಂದ ನಮಸ್ಕಾರದ ಹಾಗೆ ಒಂದು ಬೆರಳು ಎತ್ತುತ್ತಾರೆ, ನೀವೂ ಎತ್ತಿ. ರಾಜ್ಯದ ದೊಡ್ಡ ನಗರ ಓಮಾಹಾ ಐದು ಗಂಟೆ ದಾರಿ. ನಾನು ಬೇಳೆ, ಸಾಂಬಾರ್ ಪುಡಿ ಎಲ್ಲ ಅಲ್ಲಿಂದಲೇ ಮೂರು ತಿಂಗಳಿಗೆ ಆಗುವಷ್ಟು ತರುತ್ತಿದ್ದೆ. ತೆಂಗಿನ ತುರಿ ಫ್ರೀಜರ್‌ನಲ್ಲಿ. ಇನ್ನೊಂದು, ಕೌಂಟಿಯ ಪಶ್ಚಿಮ ಭಾಗದ ಗಡಿಯಾರ ಒಂದು ಗಂಟೆ ಹಿಂದೆ. ಯಾರಾದರೂ ಹತ್ತು ಗಂಟೆಗೆ ಬನ್ನಿ ಅಂದರೆ ಯಾವ ಟೈಮ್ ಅಂತ ಕೇಳಿಕೊಳ್ಳಿ.

ಮಗಳ ಬಗ್ಗೆ ನನಗೆ ಚಿಂತೆ ಇಲ್ಲ. ಅಲ್ಲಿ ಮಕ್ಕಳನ್ನು ಎಷ್ಟು ನಂಬುತ್ತಾರೆ ಅಂದರೆ, ಕೋಡಿ ಅನ್ನುವ ಊರಲ್ಲಿ, ಜನ 167, ಹುಲ್ಲಿನ ಪೆಂಡಿಗಳಿಂದ ಕಟ್ಟಿದ ಒಂದು ದಿನಸಿ ಅಂಗಡಿ ಇದೆ. 2013ರಲ್ಲಿ ಶುರುವಾಯಿತು. ನಡೆಸುವವರು ಶಾಲೆಯ ವಿದ್ಯಾರ್ಥಿಗಳು! ಊರಿನಲ್ಲಿ ಅಂಗಡಿ ಇಲ್ಲ ಅಂತ ಕೂರದೆ ಮಕ್ಕಳ ಕೈಗೇ ಕೊಟ್ಟರು.

ಆದರೆ ಆಸ್ಪತ್ರೆ ವಿಷಯ ಸರಿಯಾಗಿ ವಿಚಾರಿಸಿ. ಇಂಥ ಗ್ರಾಮೀಣ ಆಸ್ಪತ್ರೆಗಳಿಗೆ 25 ಹಾಸಿಗೆಯ ಮಿತಿ ಇರುತ್ತೆ. ಮಕ್ಕಳ ತಜ್ಞರು ಯಾವ ದಿನ ಬರುತ್ತಾರೆ, ರಾತ್ರಿ ತುರ್ತು ಬಂದರೆ ಎಲ್ಲಿಗೆ ಕಳಿಸುತ್ತಾರೆ, ಎಷ್ಟು ಹೊತ್ತು ಬೇಕು, ಎಲ್ಲ ಕೇಳಿ ಬರೆದಿಟ್ಟುಕೊಳ್ಳಿ. ನಿಮಗೆ ಕಾರ್ ಓಡಿಸಲು ಬರುತ್ತಾ? ಬರದಿದ್ದರೆ ಹೊರಡುವ ಮುಂಚೆಯೇ ಕಲಿಯಿರಿ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಅಲ್ಲಿ ನಮ್ಮೂರಿನ ಹಾಗೆ ಬಸ್ಸು, ಆಟೋ ಸಿಗಲ್ಲ.

ಸೇರಬೇಕಾದ್ದು ಯಾವ ತಿಂಗಳು ಅಂತ ಹೇಳಿ. ಜನವರಿಯಾದರೆ ಮಗುವಿಗೆ ಯಾವ ಬಟ್ಟೆ ಬೇಕು ಅಂತ ಬೇರೆಯಾಗಿ ಬರೆಯುತ್ತೇನೆ.