ಪ್ರಯಾಣದಲ್ಲಿ ಶೇವಿಂಗ್ ಕಿಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಟೆಲಲ್ಲಿ ಉಳಿಯೋವಾಗ ರೇಜರ್ ಯಾವುದು ತಗೊಂಡು ಹೋಗೋದು, ಅದನ್ನ ಹೇಗೆ ಕಾಪಾಡ್ಕೊಳ್ಳೋದು ಅಂತ ತುಂಬಾ ಪತ್ರ ಬಂದಿದೆ, ಒಂದೇ ವಿಷ್ಯ ಆದ್ರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸರ್, ನಾನು ಹಳೇ ಥರದ ಡಬಲ್ ಎಡ್ಜ್ ಸೇಫ್ಟಿ ರೇಜರ್ ಬಳಸ್ತೀನಿ. ನಮ್ಮ ಮಾವನವರು ಕೊಟ್ಟಿದ್ದು, ಒಳ್ಳೆ ಭಾರವಾಗಿದೆ. ಮೊನ್ನೆ ವಿಮಾನ ಹತ್ತೋವಾಗ ಸೆಕ್ಯುರಿಟಿಯವರು ಬ್ಲೇಡ್ ಪ್ಯಾಕೆಟ್ ಪೂರ್ತಿ ಕಿತ್ಕೊಂಡ್ರು, ರೇಜರೂ ಹೋಗ್ತಿತ್ತು, ಹೇಗೋ ಕೇಳ್ಕೊಂಡು ಉಳಿಸ್ಕೊಂಡೆ. ಮುಂದಿನ ಸಲ ಏನು ಮಾಡ್ಲಿ?

ಉತ್ತರ: ಅವರಿಗೆ ತಕರಾರು ಇರೋದು ರೇಜರ್ ಮೇಲಲ್ಲ, ಬಿಡಿ ಬ್ಲೇಡ್ ಮೇಲೆ. ಕಾರ್ಟ್ರಿಡ್ಜ್ ರೇಜರಲ್ಲಿ (ಬ್ಲೇಡಿರೋ ತಲೆನೇ ಕಳಚಿ ಬದಲಾಯಿಸೋ ಥರದ್ದು), ಯೂಸ್ ಅಂಡ್ ಥ್ರೋ ರೇಜರಲ್ಲಿ ಬ್ಲೇಡು ಪ್ಲಾಸ್ಟಿಕ್ ಒಳಗೆ ಕೂತಿರತ್ತೆ, ಸುಲಭಕ್ಕೆ ಕಿತ್ತು ತೆಗೆಯೋಕಾಗಲ್ಲ, ಅದಕ್ಕೇ ಸಾಮಾನ್ಯವಾಗಿ ಕ್ಯಾಬಿನ್ ಬ್ಯಾಗಲ್ಲಿ ಬಿಡ್ತಾರೆ. ಡಬಲ್ ಎಡ್ಜ್ ಬ್ಲೇಡು, ಕ್ಷೌರದ ಕತ್ತಿ ಇವೆಲ್ಲ ಚೆಕ್-ಇನ್ ಬ್ಯಾಗಲ್ಲೇ ಹೋಗ್ಬೇಕು. ಬ್ಲೇಡ್ ತೆಗೆದ ಖಾಲಿ ಸೇಫ್ಟಿ ರೇಜರನ್ನ ಬಹಳಷ್ಟು ಕಡೆ ಬಿಡ್ತಾರೆ, ಆದ್ರೆ ಎದುರಿಗೆ ನಿಂತಿರೋ ಅಧಿಕಾರಿ ಬೇಡ ಅಂದ್ರೆ ಬೇಡ ಅಷ್ಟೇ, ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ.

ಹಾಗಾಗಿ ಚೆಕ್-ಇನ್ ಲಗೇಜ್ ಇದ್ರೆ ನಿಮ್ಮ ಸೇಫ್ಟಿ ರೇಜರ್ ಆರಾಮಾಗಿ ತಗೊಂಡು ಹೋಗಿ, ಬಿಚ್ಚಿ ಭಾಗ ಭಾಗ ಮಾಡಿ ಒಂದು ಮೆತ್ತನೆ ಬಟ್ಟೇಲಿ ಸುತ್ತಿಡಿ, ಬ್ಲೇಡ್‌ಗಳು ಅವುಗಳ ಡಬ್ಬಿಯಲ್ಲೇ ಇರ್ಲಿ. ಬರೀ ಕ್ಯಾಬಿನ್ ಬ್ಯಾಗ್ ಅಂದ್ರೆ ಖಾಲಿ ರೇಜರ್ ಒಯ್ದು ಹೋದ ಊರಲ್ಲಿ ಬ್ಲೇಡ್ ತಗೋಬಹುದು, ಈಗ ಸಿಗೋ ಡಬಲ್ ಎಡ್ಜ್ ಬ್ಲೇಡ್‌ಗಳು ಯಾವ ಕಂಪನಿದಾದ್ರೂ ಒಂದೇ ಅಳತೆ, ಯಾವ ರೇಜರಿಗಾದ್ರೂ ಕೂರತ್ತೆ, ಈ ಜಾತಿ ರೇಜರಿನ ದೊಡ್ಡ ಅನುಕೂಲವೇ ಅದು. ಕಾರ್ಟ್ರಿಡ್ಜಲ್ಲಿ ಹಾಗಲ್ಲ, ಒಂದು ಕಂಪನಿ ಹಿಡಿಗೆ ಇನ್ನೊಂದು ಕಂಪನಿದು ಕೂರಲ್ಲ, ಒಂದೇ ಕಂಪನಿಯ ಎರಡು ಮಾಡೆಲಲ್ಲೂ ಎಷ್ಟೋ ಸಲ ಕೂರಲ್ಲ, ಅದಕ್ಕೆ ಕಾರ್ಟ್ರಿಡ್ಜ್ ಬಳಸೋರು ಒಂದು ಹೆಚ್ಚುವರಿ ತಲೆ ಜೊತೆಗೇ ಇಟ್ಕೊಂಡಿರ್ಬೇಕು. ಮತ್ತೆ ಮನೆ ಬಿಡೋ ಮುಂಚೆ ರೇಜರ್ ಬಿಚ್ಚಿ ನೋಡಿ, ಹಿಂದಿನ ದಿನ ಶೇವ್ ಮಾಡಿದ ಬ್ಲೇಡು ಒಳಗೇ ಉಳ್ಕೊಂಡಿರತ್ತೆ, ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು ಅಲ್ಲೇ.

ಆದ್ರೆ ನನ್ನನ್ನ ಕೇಳಿದ್ರೆ ಮಾವನವರು ಕೊಟ್ಟ ರೇಜರ್ ಮನೇಲೇ ಇರ್ಲಿ. ಕಳೆದುಹೋದ್ರೆ ಮತ್ತೆ ಕೊಂಡ್ಕೊಳ್ಳೋಕೆ ಆಗದೇ ಇರೋ ವಸ್ತುನ ಪ್ರಯಾಣಕ್ಕೆ ಒಯ್ಯಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪ್ರಯಾಣಕ್ಕೆ ಅಂತಲೇ ಒಂದು ಸಾಧಾರಣ ರೇಜರ್ ಬೇರೆ ಇಟ್ಕೊಳ್ಳಿ, ಅದು ಬ್ಯಾಗಲ್ಲೇ ಖಾಯಂ ಇರ್ಲಿ.

ಒಂದೇ ಎಚ್ಚರಿಕೆ ಏನಂದ್ರೆ ಹೊಸ ಥರದ ರೇಜರನ್ನ ಮೊದಲ ಸಲ ಹೋಟೆಲ್ ಬಾತ್‌ರೂಮಲ್ಲಿ, ಅದೂ ಮೀಟಿಂಗೋ ಮದುವೆನೋ ಇರೋ ದಿನ ಬೆಳಿಗ್ಗೆ ಹಿಡೀಬೇಡಿ, ಹೊರಡೋಕೆ ಒಂದು ವಾರ ಮುಂಚೆ ಮನೇಲಿ ಬಳಸಿ ನೋಡಿ. ಅದರಲ್ಲೂ ಒಂಟಿ ಬ್ಲೇಡಿಂದ ಕಾರ್ಟ್ರಿಡ್ಜಿಗೆ ಬದಲಾಗೋರು ಹುಷಾರು. ಜೋಡಿ ಬ್ಲೇಡಿನ ಕಾರ್ಟ್ರಿಡ್ಜ್ ಮಾರುಕಟ್ಟೆಗೆ ಬಂದಿದ್ದು 1971ರಲ್ಲಿ, ಆಮೇಲೆ ಮೂರು, ಐದು ಅಂತ ಬ್ಲೇಡ್ ಏರ್ತಾ ಹೋಯ್ತು. ಅದರ ಕೆಲಸ ಹೇಗಂದ್ರೆ ಮುಂದಿನ ಬ್ಲೇಡು ಕೂದಲನ್ನ ಸ್ವಲ್ಪ ಎಳೆಯತ್ತೆ, ಹಿಂದಿನ ಬ್ಲೇಡು ಅದು ಒಳಗೆ ಸರಿಯೋ ಮುಂಚೆ ಕತ್ತರಿಸತ್ತೆ, ಹಾಗಾಗಿ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೇ ತುಂಡಾಗಿರತ್ತೆ. ನುಣುಪು ಅನ್ಸತ್ತೆ ನಿಜ, ಆದ್ರೆ ಗುಂಗುರು ಗಡ್ಡ ಇರೋರಿಗೆ ಕೂದಲು ಒಳಗೇ ಬೆಳೆದು ಕತ್ತಿನ ಹತ್ರ ಗುಳ್ಳೆ ಏಳತ್ತೆ. ಅಂಥೋರಿಗೆ ಪ್ರಯಾಣದಲ್ಲೂ ಒಂಟಿ ಬ್ಲೇಡಿನದೇ ವಾಸಿ.

ಪ್ರಶ್ನೆ: ಕೆಲಸದ ಮೇಲೆ ತಿಂಗಳಲ್ಲಿ ಅರ್ಧದಷ್ಟು ದಿನ ಹೋಟೆಲಲ್ಲೇ ಇರ್ತೀನಿ. ಎರಡು ಸಲ ರೇಜರ್ ಬಿಟ್ಟು ಬಂದೆ, ಒಂದು ಸಲ ಕೈ ಜಾರಿ ಟೈಲ್ಸ್ ಮೇಲೆ ಬಿದ್ದು ತಲೆನೇ ಸೀಳ್ತು. ಸೇಫಾಗಿ ಇಟ್ಕೊಳ್ಳೋದು ಹೇಗೆ ಸರ್?

ಉತ್ತರ: ಬೀಳೋದು, ಒದ್ದೆಯಲ್ಲೇ ಇರೋದು, ಕಳೆದುಹೋಗೋದು, ಹೋಟೆಲಲ್ಲಿ ರೇಜರಿಗೆ ಇರೋ ಕಷ್ಟ ಇಷ್ಟೇ.

ಬೀಳೋದಕ್ಕೆ ಪರಿಹಾರ ಸುಲಭ. ಶೇವ್ ಮಾಡೋವಾಗ ವಾಶ್‌ಬೇಸಿನ್ ಪಕ್ಕ ಒಂದು ಸಣ್ಣ ಟವೆಲ್ ಹಾಸಿ, ಕಾಲ ಕೆಳಗೂ ಒಂದು ಹಾಸಿ. ಇವತ್ತು ಸಿಗೋ ಎಷ್ಟೋ ಸೇಫ್ಟಿ ರೇಜರುಗಳ ತಲೆ ಸ್ಟೀಲ್ ಅಲ್ಲ, ಸತು ಬೆರೆತ ಲೋಹದ ಎರಕ, ಮೇಲೆ ಹೊಳಪಿನ ಲೇಪ ಅಷ್ಟೇ, ಗಟ್ಟಿ ನೆಲಕ್ಕೆ ಬಿದ್ರೆ ಬಾಗೋ ಬದಲು ಸೀಳತ್ತೆ. ಬಿದ್ದಿದ್ದನ್ನ ಹಾಗೇ ಬಳಸಬೇಡಿ, ಬ್ಲೇಡ್ ಹಾಕಿ ಎರಡೂ ಕಡೆ ಅಂಚು ಸಮ ಕಾಣ್ತಿದ್ಯಾ ನೋಡಿ, ಒಂದು ಕಡೆ ಹೆಚ್ಚು ಹೊರಗೆ ಬಂದಿದ್ರೆ ಕೆನ್ನೆ ಕುಯ್ಯತ್ತೆ.

ಒದ್ದೆ ವಿಷ್ಯಕ್ಕೆ ಬಂದ್ರೆ, ಹೋಟೆಲ್ ಬಾತ್‌ರೂಮಿಗೆ ಎಷ್ಟೋ ಕಡೆ ಕಿಟಕಿನೇ ಇರಲ್ಲ, ಬಿಸಿನೀರಿನ ಸ್ನಾನ ಆದ್ಮೇಲೆ ಗಂಟೆಗಟ್ಲೆ ಹಬೆ ಹಾಗೇ ನಿಂತಿರತ್ತೆ. ಶೇವ್ ಆದ್ಮೇಲೆ ರೇಜರನ್ನ ಚೆನ್ನಾಗಿ ತೊಳೆದು, ಜೋರಾಗಿ ಕೊಡವಿ, ರೂಮಿನೊಳಗೆ ಮೇಜಿನ ಮೇಲೆ ಒಂದು ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಿ. ಟವೆಲಿಂದ ಬ್ಲೇಡ್ ಉಜ್ಜಬೇಡಿ, ಅಂಚೂ ಹಾಳು ಬೆರಳಿಗೂ ಅಪಾಯ. ಪೂರ್ತಿ ಒಣಗದೇ ಪ್ಲಾಸ್ಟಿಕ್ ಮುಚ್ಚಳ ಹಾಕಬೇಡಿ, ಗಾಳಿಗೆ ತೂತಿರೋ ಮುಚ್ಚಳ ಆದ್ರೆ ಪರವಾಗಿಲ್ಲ. ಬ್ಲೇಡು ಮೊಂಡಾಗೋದು ತುಕ್ಕಿಂದ ಮಾತ್ರ ಅಂತ ನಾವೆಲ್ಲ ಅನ್ಕೊಂಡಿರ್ತೀವಿ, ಆದ್ರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಸಂಶೋಧನೇಲಿ ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರೋ ಕೂದಲೇ ಆ ಅಂಚಿನಿಂದ ಸಣ್ಣ ಸಣ್ಣ ಚೂರು ಎಬ್ಬಿಸತ್ತೆ ಅಂತ ಕಂಡ್ಕೊಂಡಿದಾರೆ. ಕೂದಲು ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಒಂದೇ ಸಮ ಇಲ್ಲದಿರೋ ಜಾಗದಲ್ಲಿ ಹಾಗಾಗತ್ತಂತೆ. ನನಗೆ ಇದರಿಂದ ತೋಚೋದು ಇಷ್ಟು: ಒಣಗಿಸಿ ಇಟ್ರೂ ಬ್ಲೇಡು ಶಾಶ್ವತ ಅಲ್ಲ, ಎಳೆಯೋಕೆ ಶುರುವಾದ್ರೆ ಪ್ರಯಾಣ ಮುಗೀಲಿ ಅಂತ ಕಾಯಬೇಡಿ, ಬದಲಾಯಿಸಿ. ಗಡ್ಡನ ಎರಡು ಮೂರು ನಿಮಿಷ ಬಿಸಿನೀರಲ್ಲಿ ನೆನೆಸಿದ್ರೆ ಕೂದಲು ಮೆತ್ತಗಾಗಿ ಶೇವಿಂಗೂ ಹಗುರ ಆಗತ್ತೆ, ಸ್ನಾನ ಆದ್ಮೇಲೆ ಶೇವ್ ಮಾಡಿ.

ಇನ್ನು ಕಳೆದುಹೋಗೋದು. ರೇಜರನ್ನ ಟವೆಲಲ್ಲಿ ಸುತ್ತಿಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ರೂಮ್ ಕ್ಲೀನ್ ಮಾಡೋರು ಟವೆಲ್ ರಾಶಿ ಎತ್ಕೊಂಡು ಹೋಗ್ತಾರೆ, ಅದರೊಳಗೆ ನಿಮ್ಮ ರೇಜರೂ ಹೋಗತ್ತೆ, ಜೊತೆಗೆ ಲಾಂಡ್ರಿಯಲ್ಲಿರೋರ ಕೈಗೆ ಚುಚ್ಚತ್ತೆ. ಸಾಮಾನೆಲ್ಲ ಒಂದೇ ಪೌಚಲ್ಲಿ ಇರ್ಲಿ, ಪೌಚು ಯಾವ ಹೋಟೆಲಾದ್ರೂ ಒಂದೇ ಥರದ ಜಾಗದಲ್ಲಿ ಇರ್ಲಿ, ಕನ್ನಡಿ ಕೆಳಗಲ್ಲ, ಬಟ್ಟೆ ಬ್ಯಾಗಿನ ಪಕ್ಕ. ಬೆಳಿಗ್ಗೆ ರೂಮ್ ಬಿಟ್ಟು ಹೋಗೋ ಮುಂಚೆ ಎಲ್ಲ ಅದಕ್ಕೆ ಸೇರ್ಲಿ. ಒಳಗೆ ತಿಳಿ ಬಣ್ಣದ ಬಟ್ಟೆ ಇರೋ ಪೌಚ್ ತಗೊಂಡ್ರೆ ಏನಿದೆ ಏನಿಲ್ಲ ಒಂದೇ ನೋಟಕ್ಕೆ ಗೊತ್ತಾಗತ್ತೆ. ಷವರ್ ಕೆಳಗೇ ಶೇವ್ ಮಾಡೋರು ಚೆಕ್‌ಔಟ್ ಮುಂಚೆ ಷವರಿನ ಮೂಲೆ, ಸೋಪಿಡೋ ಗೂಡು ಕಡ್ಡಾಯವಾಗಿ ನೋಡಿ, ನೀವು ಎರಡು ಸಲ ಬಿಟ್ಟು ಬಂದಿದ್ದೂ ಬಹುಶಃ ಅಲ್ಲೇ ಇರ್ಬೇಕು. ಬಿಟ್ಟು ಬಂದಿದ್ದು ನೆನಪಾದ ತಕ್ಷಣ ರೂಮ್ ನಂಬರ್ ಹೇಳಿ ಫೋನ್ ಮಾಡಿ, ಬಳಸಿದ ರೇಜರ್ ನೋಡಿದೋರು ಕಸ ಅಂತ ಬಿಸಾಡೋ ಸಾಧ್ಯತೆನೇ ಜಾಸ್ತಿ, ಸಂಜೆವರೆಗೆ ತಡ ಮಾಡಿದ್ರೆ ಕೈ ಬಿಟ್ಟ ಹಾಗೇ.

ಪ್ರಶ್ನೆ: ಬ್ಯಾಗ್ ತೆಗೆದ್ರೆ ಕ್ರೀಮ್ ಎಲ್ಲ ಬಟ್ಟೆಗೆ ಮೆತ್ಕೊಂಡಿತ್ತು. ಟ್ಯೂಬ್ ಮುಚ್ಚಳ ಸರಿಯಾಗೇ ಹಾಕಿದ್ದೆ. ಯಾಕೆ ಹೀಗಾಗತ್ತೆ?

ಉತ್ತರ: ಹಾರೋವಾಗ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲೆ ಇರೋಷ್ಟು ಇರಲ್ಲ, ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರೋಷ್ಟಿರತ್ತೆ. ಆಗ ಟ್ಯೂಬೊಳಗಿನ ಗಾಳಿ ಹಿಗ್ಗಿ ಕ್ರೀಮನ್ನ ಹೊರಗೆ ತಳ್ಳತ್ತೆ. ಅರ್ಧ ಖಾಲಿಯಾದ ಟ್ಯೂಬಲ್ಲಿ ಗಾಳಿ ಹೆಚ್ಚು, ಸೋರೋದೂ ಹೆಚ್ಚು. ಮುಚ್ಚೋ ಮುಂಚೆ ಟ್ಯೂಬ್ ಹಿಂಡಿ ಗಾಳಿ ತೆಗೆದು, ಬಾಯಿಗೆ ಒಂದು ಚೂರು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಜಿಪ್ ಕವರಿಗೆ ಹಾಕಿ. ಕ್ರೀಮು, ಜೆಲ್ಲು, ಫೋಮು ಎಲ್ಲ ದ್ರವದ ಲೆಕ್ಕಕ್ಕೇ ಬರತ್ತೆ, ಕ್ಯಾಬಿನ್ ಬ್ಯಾಗಲ್ಲಿ ಬಹಳಷ್ಟು ಏರ್‌ಪೋರ್ಟಲ್ಲಿ ಒಂದೊಂದು ಡಬ್ಬಿ 100 ಮಿ.ಲೀ. ಮೀರಬಾರದು. ಡಬ್ಬಿ ಮೇಲೆ ಬರೆದಿರೋ ಅಳತೆನೇ ಅವರು ನೋಡೋದು, 200ರ ಡಬ್ಬಿಲಿ ಕಾಲು ಭಾಗ ಉಳಿದಿದೆ ಅಂದ್ರೂ ಒಪ್ಪಲ್ಲ. ಫೋಮ್ ಕ್ಯಾನ್ ಚೆಕ್-ಇನ್ ಬ್ಯಾಗಿಗೆ ಹಾಕಿದ್ರೆ ಒತ್ತೋ ಗುಂಡಿ ಮೇಲೆ ಮುಚ್ಚಳ ಇರ್ಲೇಬೇಕು. ನನ್ನ ಆಯ್ಕೆ ಕೇಳಿದ್ರೆ ಶೇವಿಂಗ್ ಸೋಪಿನ ಸ್ಟಿಕ್. ಗಟ್ಟಿ ಸೋಪು, ಸೋರಲ್ಲ, ದ್ರವದ ಲೆಕ್ಕಕ್ಕಿಲ್ಲ, ಒದ್ದೆ ಗಡ್ಡಕ್ಕೆ ನೇರವಾಗಿ ಉಜ್ಜಿ ಬ್ರಷಿಂದ ನೊರೆ ಎಬ್ಬಿಸಿದ್ರೆ ಆಯ್ತು. ಗಡಸು ನೀರಿರೋ ಊರಲ್ಲಿ ಮಾತ್ರ ಸೋಪು ನೊರೆ ಕಟ್ಟೋಕೆ ಸತಾಯಿಸತ್ತೆ, ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಷ್ಟಾಗಿಬಿಡತ್ತೆ, ಅಲ್ಲಿ ಸೋಪು ಸ್ವಲ್ಪ ಹೆಚ್ಚು ಉಜ್ಜಿ. ಆಫ್ಟರ್‌ಶೇವ್ ಬಾಟಲಿ ಬದಲು ಪಟಿಕದ ಕಲ್ಲು ಒಯ್ಯಿರಿ, ಸಣ್ಣ ಗಾಯದ ರಕ್ತ ನಿಲ್ಲಿಸತ್ತೆ, ಸೋರೋ ಮಾತೇ ಇಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಶೇವರ್ ಒಯ್ದ್ರೆ ಈ ರಗಳೆ ಇರಲ್ವಲ್ಲ? ಹೋಟೆಲ್ ಬಾತ್‌ರೂಮಲ್ಲಿ ಶೇವರಿಗೆ ಮಾತ್ರ ಅಂತ ಬರೆದಿರೋ ಪ್ಲಗ್ ಇರತ್ತಲ್ಲ, ಅದಕ್ಕೆ ಮೊಬೈಲ್ ಹಾಕ್ಬಹುದಾ?

ಉತ್ತರ: ಸೆಕ್ಯುರಿಟಿ ರಗಳೆ ಕಡಿಮೆ ನಿಜ. ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಇದ್ರೆ ಯಾವ ದೇಶದಲ್ಲಾದ್ರೂ ನಡೆಯತ್ತೆ, ಪ್ಲಗ್ಗಿನ ಆಕಾರಕ್ಕೆ ಮಾತ್ರ ಪ್ಲಗ್ ಅಡಾಪ್ಟರ್ ಬೇಕು. ಒಂದೇ ವೋಲ್ಟೇಜ್ ಬರೆದಿದ್ರೆ ಹುಷಾರು. ಆ ಶೇವರ್ ಪ್ಲಗ್ಗಿನ ಹಿಂದೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರತ್ತೆ, ನೀರಿರೋ ಜಾಗದಲ್ಲಿ ಶಾಕ್ ಹೊಡೆಯೋ ಅಪಾಯ ತಗ್ಗಿಸೋಕೆ ಅಂತ ಮೇನ್ ಲೈನಿಂದ ಬೇರ್ಪಡಿಸಿರ್ತಾರೆ, ಅದು ಕೊಡೋ ಪವರ್ ತೀರ ಕಮ್ಮಿ. ಮೊಬೈಲ್ ರೂಮಲ್ಲೇ ಚಾರ್ಜ್ ಮಾಡಿ, ಹೇರ್ ಡ್ರೈಯರ್ ಅಂತೂ ಅದಕ್ಕೆ ಹಾಕಲೇಬೇಡಿ. ಶೇವರಲ್ಲಿ ಟ್ರಾವೆಲ್ ಲಾಕ್ ಇದ್ರೆ ಹಾಕಿಡಿ, ಇಲ್ಲಾಂದ್ರೆ ಬ್ಯಾಗಲ್ಲಿ ಒತ್ತಿಕೊಂಡು ತಾನೇ ಆನ್ ಆಗಿ ಬ್ಯಾಟರಿ ಖಾಲಿಯಾಗತ್ತೆ. ಬಿಡಿ ಲಿಥಿಯಂ ಬ್ಯಾಟರಿ ಇದ್ರೆ ಕ್ಯಾಬಿನ್ ಬ್ಯಾಗಲ್ಲೇ ಇರ್ಬೇಕು, ಚೆಕ್-ಇನ್‌ಗೆ ಹಾಕೋ ಹಾಗಿಲ್ಲ. ತಲೆ ಮೇಲಿನ ಜಾಲರಿ ತುಂಬಾ ತೆಳು, ಅದರ ಮುಚ್ಚಳ ಮರೀಬೇಡಿ.

ಪ್ರಶ್ನೆ: ಮೇಡಂ ಅಂತ ಕರೀಲೋ ಸರ್ ಅಂತಲೋ ಗೊತ್ತಿಲ್ಲ, ಕ್ಷಮಿಸಿ. ನಾವಿಬ್ರೂ ಟ್ರಿಪ್ ಹೋದಾಗ ಲಗೇಜ್ ಕಮ್ಮಿ ಆಗ್ಲಿ ಅಂತ ನಮ್ಮ ಮನೆಯವರ ರೇಜರನ್ನೇ ನಾನೂ ಕಾಲಿಗೆ ಬಳಸ್ತೀನಿ. ಏನಾದ್ರೂ ತೊಂದ್ರೆ ಇದ್ಯಾ?

ಉತ್ತರ: ಬೇಡಮ್ಮ, ಗಂಡ ಹೆಂಡ್ತಿ ಆದ್ರೂ ಬೇಡ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಪ್ರತಿ ಶೇವಿಂಗಲ್ಲೂ ಆಗತ್ತೆ, ರಕ್ತದ ಅಂಶ ಬ್ಲೇಡಲ್ಲಿ ಉಳಿಯತ್ತೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು, ಹೆಪಟೈಟಿಸ್ ಸಿ ಕೂಡ ಹಂಚಿಕೊಂಡ ರೇಜರಿಂದ ಹರಡಬಹುದು, ಎಷ್ಟೋ ಜನಕ್ಕೆ ತಮಗೆ ಸೋಂಕಿದೆ ಅಂತ ವರ್ಷಗಟ್ಟಲೆ ಗೊತ್ತೇ ಆಗಲ್ಲ. ಇನ್ನೊಂದು ರೇಜರ್ ಇಟ್ಕೊಂಡ್ರೆ ಬ್ಯಾಗೇನೂ ಭಾರ ಆಗಲ್ಲ. ಬೇರೆ ಬೇರೆ ಬಣ್ಣದ್ದು ತಗೊಳ್ಳಿ, ಅರೆನಿದ್ದೇಲೂ ಅದಲು ಬದಲಾಗಲ್ಲ. ಹೋಟೆಲಿನವರು ಸೀಲ್ ಮಾಡಿ ಕೊಡೋ ರೇಜರನ್ನ ತುರ್ತಿಗೆ ಒಂದು ಸಲ ಬಳಸ್ಬಹುದು, ಕವರ್ ಹರಿದಿದ್ರೆ ಮುಟ್ಟಬೇಡಿ.

ಪ್ರಶ್ನೆ: ನನ್ನ ಬ್ರಷ್ ಪ್ರಯಾಣ ಮುಗಿಸಿ ಬರೋಷ್ಟ್ರಲ್ಲಿ ಕಮಟು ವಾಸನೆ ಹೊಡೆಯತ್ತೆ.

ಉತ್ತರ: ಒದ್ದೆ ಬ್ರಷನ್ನ ಮುಚ್ಚಿದ ಡಬ್ಬಿಗೆ ಹಾಕ್ತಿದೀರಿ. ಪ್ರಾಣಿ ಕೂದಲಿನ ಬ್ರಷ್ ನೀರು ಹಿಡಿದಿಡತ್ತೆ, ಒಣಗೋಕೆ ನಿಧಾನ, ಪ್ರಯಾಣಕ್ಕೆ ಸಿಂಥೆಟಿಕ್ ಬ್ರಷೇ ಸರಿ. ಹೊರಡೋ ದಿನ ಶೇವಿಂಗ್ ಬೇಗ ಮುಗಿಸಿ ಬ್ರಷಿಗೆ ಒಣಗೋಕೆ ಸಮಯ ಕೊಡಿ, ತೂತಿರೋ ಡಬ್ಬಿಗೆ ಹಾಕಿ, ತಲುಪಿದ ಕೂಡ್ಲೇ ಹೊರಗೆ ತೆಗೆಯಿರಿ.

ಪ್ರಶ್ನೆ: ಹೋಟೆಲಲ್ಲಿ ಬ್ಲೇಡ್ ಬದಲಾಯಿಸಿದ್ರೆ ಹಳೇದನ್ನ ಎಲ್ಲಿ ಹಾಕೋದು? ಡಸ್ಟ್‌ಬಿನ್ನಿಗೆ ಹಾಕ್ಬಹುದಾ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ತೀನಿ. ಬಿಡಿ ಬ್ಲೇಡನ್ನ ಬಿನ್ನಿಗೆ ಹಾಕಬೇಡಿ, ಟಿಶ್ಯೂಲಿ ಸುತ್ತಿ ಹಾಕೋದಂತೂ ಇನ್ನೂ ಕೆಟ್ಟದ್ದು, ಏನೋ ಮೆತ್ತಗಿದೆ ಅಂತ ಕವರ್ ಒತ್ತಿ ಗಂಟು ಕಟ್ಟೋರ ಕೈ ಕುಯ್ಯತ್ತೆ. ಆ ರೂಮು ಕ್ಲೀನ್ ಮಾಡೋರು ದಿನಕ್ಕೆ ಎಷ್ಟೋ ಬಿನ್ ಖಾಲಿ ಮಾಡ್ತಾರೆ, ಒಂದು ಗಾಯ ಆಯ್ತು ಅಂದ್ರೆ ಯಾರ ರಕ್ತ ತಾಗಿದ ಬ್ಲೇಡು ಅಂತ ಗೊತ್ತಿಲ್ಲದೆ ರಕ್ತ ಪರೀಕ್ಷೆ, ವಾರಗಟ್ಟಲೆ ಭಯ ಎಲ್ಲ ಅವರಿಗೇ. ಎಷ್ಟೋ ಬ್ಲೇಡ್ ಡಬ್ಬಿಗಳ ಹಿಂಬದಿ ಹಳೇ ಬ್ಲೇಡ್ ತೂರಿಸೋಕೆ ಸೀಳು ಇರತ್ತೆ, ಅದನ್ನ ಬಳಸಿ. ಇಲ್ಲದಿದ್ರೆ ಮುಚ್ಚಳ ಇರೋ ಸಣ್ಣ ತಗಡಿನ ಡಬ್ಬಿಗೆ ಹಾಕಿ, ಟೇಪ್ ಸುತ್ತಿ ಮನೆಗೇ ತನ್ನಿ, ಕ್ಯಾಬಿನ್ ಬ್ಯಾಗಲ್ಲಿ ಅಲ್ಲ, ಚೆಕ್-ಇನ್ ಬ್ಯಾಗಲ್ಲಿ. ಚೆಕ್-ಇನ್ ಬ್ಯಾಗ್ ಇಲ್ಲ ಅಂದ್ರೆ ಡಬ್ಬಿ ಮೇಲೆ ಬ್ಲೇಡ್ ಅಂತ ದೊಡ್ಡದಾಗಿ ಬರೆದು ರಿಸೆಪ್ಶನ್‌ನಲ್ಲಿ ಕೈಗೇ ಕೊಟ್ಟು ಏನಿದೆ ಅಂತ ಬಾಯಿಬಿಟ್ಟು ಹೇಳಿ. ಯೂಸ್ ಅಂಡ್ ಥ್ರೋ ರೇಜರ್ ಆದ್ರೆ ಅದರ ಮುಚ್ಚಳ ವಾಪಸ್ ಹಾಕಿ, ಮುಚ್ಚಳ ಕಳೆದಿದ್ರೆ ತಲೆಗೆ ದಪ್ಪ ರಟ್ಟು ಮಡಚಿ ಟೇಪ್ ಹಚ್ಚಿ, ಆಮೇಲೆ ಬಿನ್ನಿಗೆ ಹಾಕ್ಬಹುದು.